ಸಾಲ ಬೇಕಾಗುವ ಒಂದು ವರ್ಷ ಮೊದಲೇ ಬ್ಯಾಂಕಿಗೆ ಹೋಗಿ

ಸಣ್ಣ ಅಂಗಡಿ, ವರ್ಕ್‌ಶಾಪ್, ಟೈಲರಿಂಗ್, ಗಿರಣಿ ಇಟ್ಟುಕೊಂಡವರು ಬ್ಯಾಂಕಿಗೆ ಹೋಗುವುದು ಯಾವಾಗ ಗೊತ್ತಾ? ದುಡ್ಡು ಅರ್ಜೆಂಟ್ ಆದಾಗ. ಮಷೀನ್ ಕೆಟ್ಟಿರುತ್ತದೆ, ಇಲ್ಲಾ ದೊಡ್ಡ ಆರ್ಡರ್ ಬಂದು ಸರಕು ತುಂಬಬೇಕಾಗಿರುತ್ತದೆ, ಹತ್ತು ದಿನದಲ್ಲಿ ಮೂರು ಲಕ್ಷ ಬೇಕು. ಹೋಗಿ ಕೂತರೆ ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆ, "ನಮ್ಮಲ್ಲಿ ಖಾತೆ ಇದೆಯಾ?" ಎರಡನೆಯದು, "ರಿಟರ್ನ್ಸ್ ಫೈಲ್ ಮಾಡಿದ್ದೀರಾ?" ಎರಡಕ್ಕೂ ಇಲ್ಲ ಅಂದ ಮೇಲೆ ಮೂರನೆಯ ಪ್ರಶ್ನೆ ಬರುವುದಿಲ್ಲ. ಹೊರಗೆ ಬಂದು "ಇವರು ದೊಡ್ಡವರಿಗೆ ಮಾತ್ರ ಕೊಡುವುದು" ಅಂತ ಬೈದು, ಸಂಜೆ ಡೈಲಿ ಕಲೆಕ್ಷನ್‌ನವನಿಗೆ ಫೋನ್ ಮಾಡುತ್ತೇವೆ.

ಬೈಯುವುದರಲ್ಲಿ ಅರ್ಧ ನ್ಯಾಯ ಇದೆ, ಒಪ್ಪುತ್ತೇನೆ. ಇನ್ನರ್ಧ ಏನೆಂದರೆ, ಬ್ಯಾಂಕಿಗೆ ನಿಮ್ಮ ಅಂಗಡಿ ಕಾಣುವುದೇ ಇಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವುದು, ಸಂಜೆ ನಿಲ್ಲುವ ಗಿರಾಕಿಗಳ ಸಾಲು, ಇಪ್ಪತ್ತು ವರ್ಷದ ಹೆಸರು, ಯಾವುದೂ ಕಾಣುವುದಿಲ್ಲ. ಕಾಣುವುದು ಕಾಗದ ಮಾತ್ರ. ಕೊಟ್ಟ ಸಾಲ ವಾಪಸ್ ಬರದಿದ್ದರೆ "ಯಾವ ಆಧಾರದ ಮೇಲೆ ಕೊಟ್ಟಿರಿ" ಅಂತ ಮೇಲಿನವರು ಕೇಳುವುದು ಆ ಮ್ಯಾನೇಜರ್‌ನನ್ನು. ಅವರಿಗೆ ಫೈಲಿನಲ್ಲಿ ತೋರಿಸಲು ಏನಾದರೂ ಬೇಕು. ಆ "ಏನಾದರೂ" ತಯಾರಾಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಅದಕ್ಕೇ ಸಾಲ ಬೇಡವಾಗಿರುವಾಗಲೇ ಶುರು ಮಾಡಿ ಅಂತ ಹೇಳುತ್ತಿರುವುದು.

ಇಷ್ಟೆಲ್ಲ ತಲೆನೋವು ಯಾಕೆ, ಕೈಸಾಲವೇ ಸುಲಭ ಅಲ್ವಾ ಅನ್ನುವವರು ಒಂದು ಲೆಕ್ಕ ನೋಡಿ. ಡೈಲಿ ಕಲೆಕ್ಷನ್‌ನವರು ಸಾಮಾನ್ಯವಾಗಿ ಮಾಡುವುದು ಹೀಗೆ: 10,000 ಅಂತ ಬರೆದುಕೊಂಡು 1,000 ಮುರಿದುಕೊಂಡು 9,000 ಕೈಗೆ ಕೊಡುತ್ತಾರೆ, ದಿನಕ್ಕೆ 100 ರೂಪಾಯಿಯಂತೆ ನೂರು ದಿನ ವಸೂಲಿ. ಸಾವಿರ ರೂಪಾಯಿ ತಾನೇ ಅನ್ನಿಸುತ್ತದೆ. ಆದರೆ ಮೊದಲ ದಿನದಿಂದಲೇ ಅಸಲು ವಾಪಸ್ ಹೋಗುತ್ತಿರುವುದರಿಂದ ನೂರು ದಿನದಲ್ಲಿ ಸರಾಸರಿ ನಿಮ್ಮ ಕೈಯಲ್ಲಿರುವುದು ನಾಲ್ಕೂವರೆ ಸಾವಿರದಷ್ಟೇ. ವರ್ಷದ ಲೆಕ್ಕಕ್ಕೆ ತಿರುಗಿಸಿದರೆ ಬಡ್ಡಿ ಶೇ. 75 ದಾಟುತ್ತದೆ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೂ ವರ್ಷಕ್ಕೆ ಶೇ. 36 ಆಯಿತು. ಬ್ಯಾಂಕಿನ ಸಾಲಕ್ಕೆ ಕಾಗದ ಜಾಸ್ತಿ, ಬಡ್ಡಿ ಇದರ ಹತ್ತಿರಕ್ಕೂ ಬರುವುದಿಲ್ಲ.

ಮೊದಲ ಕೆಲಸ: ಅಂಗಡಿಗೆ ಅಂತಲೇ ಒಂದು ಖಾತೆ

ಮನೆ ಖರ್ಚು, ಮಕ್ಕಳ ಫೀಸು, ಭಾವಮೈದುನ ವಾಪಸ್ ಕೊಟ್ಟ ಕೈಗಡ, ಅಂಗಡಿ ವ್ಯಾಪಾರ ಎಲ್ಲವೂ ಒಂದೇ ಉಳಿತಾಯ ಖಾತೆಯಲ್ಲಿ ಓಡಾಡುತ್ತಿದ್ದರೆ ನಿಮ್ಮ ವ್ಯಾಪಾರ ಎಷ್ಟು ಅಂತ ನಿಮಗೇ ಗೊತ್ತಾಗುವುದಿಲ್ಲ, ಇನ್ನು ಬ್ಯಾಂಕಿಗೆ ಹೇಗೆ ಗೊತ್ತಾಗಬೇಕು? ಅಂಗಡಿ ಹೆಸರಿನಲ್ಲಿ ಉಳಿತಾಯ ಖಾತೆ ಕೊಡುವುದಿಲ್ಲ, ಚಾಲ್ತಿ ಖಾತೆಯೇ ಆಗಬೇಕು. ಅದಕ್ಕೆ ಬಡ್ಡಿ ಬರುವುದಿಲ್ಲ, ಕನಿಷ್ಠ ಬ್ಯಾಲೆನ್ಸ್ ಇಡಬೇಕು. ಆ ಮೊತ್ತ ಬ್ಯಾಂಕಿನಿಂದ ಬ್ಯಾಂಕಿಗೆ ತುಂಬಾ ಬದಲಾಗುತ್ತದೆ, ಎರಡು ಮೂರು ಕಡೆ ಕೇಳಿ ನೋಡಿ.

ಒಬ್ಬರೇ ಮಾಲೀಕರಾಗಿ ನಡೆಸುವ ವ್ಯಾಪಾರಕ್ಕೆ ಖಾತೆ ತೆರೆಯಲು ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮ ಕೇಳುವುದು ಮಾಲೀಕರ ಗುರುತಿನ ದಾಖಲೆಗಳ ಜೊತೆಗೆ ವ್ಯಾಪಾರ ಇದೆ ಎಂದು ತೋರಿಸುವ ಎರಡು ದಾಖಲೆ. ಉದ್ಯಮ್ ಪ್ರಮಾಣಪತ್ರ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಾಯಿಸಿದ್ದಕ್ಕೆ ಸಿಗುವ ಕಾಗದ, ಮುಂದೆ ಹೇಳುತ್ತೇನೆ), ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ ನೋಂದಣಿ, ಸ್ಥಳೀಯ ಸಂಸ್ಥೆಯ ಲೈಸೆನ್ಸ್, ಜಿಎಸ್‌ಟಿ ಪ್ರಮಾಣಪತ್ರ, ಆದಾಯ ತೆರಿಗೆ ರಿಟರ್ನ್, ವ್ಯಾಪಾರದ ಹೆಸರಿನ ಕರೆಂಟ್ ಬಿಲ್, ಇವುಗಳಲ್ಲಿ ಯಾವ ಎರಡಾದರೂ ಆಗುತ್ತದೆ. ಈಗ ಕೇಳಿ, ಇದು ಬಹಳ ಜನಕ್ಕೆ ಗೊತ್ತಿಲ್ಲ: ಎರಡು ದಾಖಲೆ ಕೊಡಲು ನಿಜವಾಗಿಯೂ ಆಗುವುದಿಲ್ಲ ಅಂತ ಬ್ಯಾಂಕಿಗೆ ಮನವರಿಕೆಯಾದರೆ ಒಂದನ್ನೇ ತೆಗೆದುಕೊಂಡು, ಸ್ಥಳಕ್ಕೆ ಬಂದು ಅಂಗಡಿ ನೋಡಿ, ಖಾತೆ ತೆರೆಯಲು ಅದೇ ನಿಯಮದಲ್ಲಿ ಅವಕಾಶ ಇದೆ. "ಜಿಎಸ್‌ಟಿ ಇಲ್ಲದೆ ಆಗಲ್ಲ" ಅಂತ ಕೌಂಟರ್‌ನಲ್ಲಿ ಹೇಳಿದರೆ ಜಗಳ ಆಡಬೇಡಿ. ನಿಮ್ಮ ವಹಿವಾಟು ಜಿಎಸ್‌ಟಿ ಮಿತಿಯೊಳಗಿದೆ ಎಂದು ಹೇಳಿ, ಉಳಿದ ದಾಖಲೆ ಮುಂದಿಡಿ, ಒಳಗಿರುವ ಅಧಿಕಾರಿಯ ಹತ್ತಿರ ಮಾತಾಡಬೇಕು ಅನ್ನಿ.

ಖಾತೆ ತೆರೆದ ದಿನವೇ ಕ್ಯೂಆರ್ ಕೋಡ್ ಅದಕ್ಕೆ ಜೋಡಿಸಿ. ಗಲ್ಲಾದಲ್ಲಿ ಬಿದ್ದ ನಗದನ್ನು ವಾರಕ್ಕೆರಡು ಸಲವಾದರೂ ಹಾಕಿ. ಮನೆಗೆ ದುಡ್ಡು ಬೇಕಾದರೆ ತಿಂಗಳಿಗೆ ಇಷ್ಟು ಅಂತ ನಿಮ್ಮ ಉಳಿತಾಯ ಖಾತೆಗೆ ವರ್ಗಾಯಿಸಿಕೊಳ್ಳಿ, ಸಂಬಳದ ಥರ. ಸಪ್ಲೈಯರ್‌ಗೆ, ಬಾಡಿಗೆಗೆ, ಕರೆಂಟ್ ಬಿಲ್ಲಿಗೆ ಇದೇ ಖಾತೆಯಿಂದ ಕೊಡಿ. ಒಂದು ವರ್ಷ ಇದಿಷ್ಟು ಮಾಡಿದರೆ ಸ್ಟೇಟ್‌ಮೆಂಟೇ ನಿಮ್ಮ ಪರವಾಗಿ ಮಾತಾಡುತ್ತದೆ.

ಇಲ್ಲಿ ಒಂದು ಭಯ ಎದುರಾಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು, ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ಭಯ ಅರ್ಥವಾಗುತ್ತದೆ. ಆದರೆ ಆ ನೋಟಿಸ್‌ಗಳಿಗೆ ಉತ್ತರ ಕೊಡಲು ಜಾಸ್ತಿ ಕಷ್ಟ ಆಗುವುದು ಯಾರಿಗೆ ಯೋಚಿಸಿ. ಮನೆಯ ದುಡ್ಡು, ಅಂಗಡಿಯ ದುಡ್ಡು ಒಂದೇ ಖಾತೆಗೆ ಬೀಳುತ್ತಿದ್ದವರಿಗೆ, ಯಾವುದು ವ್ಯಾಪಾರ ಯಾವುದು ಕೈಗಡ ಅಂತ ಬಿಡಿಸಿ ಹೇಳಲು ಆಗದವರಿಗೆ. ಪ್ರತ್ಯೇಕ ಖಾತೆ ಇಲ್ಲಿಯೂ ನಿಮ್ಮನ್ನು ಕಾಯುತ್ತದೆ. ಮಿತಿಗಳನ್ನು ನೆನಪಿಟ್ಟುಕೊಳ್ಳಿ: ನಮ್ಮ ರಾಜ್ಯದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ತೆರಿಗೆ ಇಲ್ಲದ ಸರಕು ಮಾರುವವರಿಗೆ ಬೇಕಿಲ್ಲ. 40 ಲಕ್ಷ ದಾಟಿದ ಸಣ್ಣ ವರ್ತಕರಿಗೆ ಒಂದೂವರೆ ಕೋಟಿಯವರೆಗೆ ಕಾಂಪೊಸಿಷನ್ ಸ್ಕೀಮ್ ಇದೆ, ವಹಿವಾಟಿನ ಶೇ. 1 ತೆರಿಗೆ ಕಟ್ಟಿದರೆ ಆಯಿತು. ಅದನ್ನು ತಪ್ಪಿಸಲು ಹೋಗಿ ಬ್ಯಾಂಕಿನ ಕಣ್ಣಿಗೂ ಬೀಳದೆ ಉಳಿದರೆ, ಉಳಿಸಿದ ತೆರಿಗೆಗಿಂತ ಜಾಸ್ತಿ ದುಡ್ಡು ಮೀಟರ್ ಬಡ್ಡಿಗೆ ಹೋಗುತ್ತದೆ.

ಪಿಗ್ಮಿ ಬಗ್ಗೆಯೂ ಒಂದು ಮಾತು. ದಿನಾ ಅಂಗಡಿಗೆ ಬಂದು ಹಣ ಸಂಗ್ರಹಿಸುವ ಈ ಪದ್ಧತಿ ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ದಿನಕ್ಕೆ ಎರಡಾಣೆಯಂತೆ ಶುರು ಮಾಡಿತು. ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಎಲ್ಲಿ ಕಟ್ಟುತ್ತಿದ್ದೀರಿ ನೋಡಿಕೊಳ್ಳಿ. ಬ್ಯಾಂಕಾದರೆ, ಸಹಕಾರಿ ಬ್ಯಾಂಕೂ ಸೇರಿ, 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತದೆ. ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ.

ಉದ್ಯಮ್ ನೋಂದಣಿ

ಇದು ಹದಿನೈದು ನಿಮಿಷದ ಕೆಲಸ. 2020ರ ಜುಲೈ 1ರಿಂದ ಇದೆ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್‌ಗಳು ಹುಡುಕಿದಾಗ ಮೊದಲು ಕಾಣುತ್ತವೆ, ಅವು ಸರ್ಕಾರದ್ದಲ್ಲ. 2025ರ ಏಪ್ರಿಲ್‌ನಿಂದ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ಮೀರದ ಉದ್ಯಮ ಎಲ್ಲವೂ "ಸೂಕ್ಷ್ಮ" ವರ್ಗಕ್ಕೇ ಬರುತ್ತದೆ, ಅಂದರೆ ಇದನ್ನು ಓದುತ್ತಿರುವ ಬಹುತೇಕ ಎಲ್ಲರೂ. ಆ ಹಣೆಪಟ್ಟಿ ಇದ್ದರೆ ನಿಮಗೆ ಕೊಟ್ಟ ಸಾಲ ಬ್ಯಾಂಕಿನ ಆದ್ಯತಾ ವಲಯದ (ಕೃಷಿ, ಸಣ್ಣ ಉದ್ಯಮದಂಥವಕ್ಕೆ ಕೊಡಲೇಬೇಕಾದ ಸಾಲದ) ಲೆಕ್ಕಕ್ಕೆ ಸೇರುತ್ತದೆ. ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇ. 40 ಆದ್ಯತಾ ವಲಯಕ್ಕೆ, ಅದರೊಳಗೆ ಶೇ. 7.5 ಸೂಕ್ಷ್ಮ ಉದ್ಯಮಗಳಿಗೇ ಕೊಡಬೇಕು ಅಂತ ಗುರಿ ಇದೆ. ಮ್ಯಾನೇಜರ್ ನಿಮಗೆ ಉಪಕಾರ ಮಾಡುತ್ತಿಲ್ಲ. ಅವರಿಗೂ ನಿಮ್ಮಂಥವರು ಬೇಕು. ಜಿಎಸ್‌ಟಿ ಇಲ್ಲದ ತೀರಾ ಸಣ್ಣ ವ್ಯಾಪಾರಿಗಳಿಗೆ 2023ರಲ್ಲಿ ಉದ್ಯಮ್ ಅಸಿಸ್ಟ್ ಅಂತ ಬೇರೆ ದಾರಿ ಬಂದಿದೆ, ಬ್ಯಾಂಕಿನವರೇ ನೋಂದಾಯಿಸಿ ಕೊಡುತ್ತಾರೆ.

ರಿಟರ್ನ್ಸ್‌ನಲ್ಲಿ ಮಾಡುವ ದೊಡ್ಡ ತಪ್ಪು

ಸಣ್ಣ ವ್ಯಾಪಾರಿಗಳು ಲೆಕ್ಕಪುಸ್ತಕ ಇಡದೆ ಅಂದಾಜು ಲಾಭ ತೋರಿಸಿ ಐಟಿಆರ್-4 ಹಾಕಬಹುದು. ಆಡಿಟರ್‌ಗಳು 44ಎಡಿ ಅಂತ ಕರೆಯುವುದು ಇದನ್ನೇ. ಬ್ಯಾಂಕಿನ ಮೂಲಕ ಬಂದ ವ್ಯಾಪಾರಕ್ಕೆ ಶೇ. 6, ನಗದಿಗೆ ಶೇ. 8 ಲಾಭ ತೋರಿಸಿದರೆ ಸಾಕು. ಎಲ್ಲರೂ ಆ ಕನಿಷ್ಠವನ್ನೇ ತೋರಿಸುತ್ತಾರೆ. ಈಗ 30 ಲಕ್ಷ ವ್ಯಾಪಾರ ಮಾಡುವವರನ್ನು ತೆಗೆದುಕೊಳ್ಳಿ. ಶೇ. 6ರಂತೆ ಲಾಭ 1 ಲಕ್ಷ 80 ಸಾವಿರ, ತಿಂಗಳಿಗೆ 15,000. ನಿಜವಾಗಿ ಅವರಿಗೆ ವರ್ಷಕ್ಕೆ 5 ಲಕ್ಷ ಉಳಿಯುತ್ತಿರುತ್ತದೆ. ಬ್ಯಾಂಕಿಗೆ ಬಂದು "ತಿಂಗಳಿಗೆ 12,000 ಕಂತು ಕಟ್ಟುತ್ತೇನೆ" ಅಂದರೆ ಮ್ಯಾನೇಜರ್ ಕಾಗದ ನೋಡುತ್ತಾರೆ, 15,000 ಆದಾಯದಲ್ಲಿ 12,000 ಕಂತು ಹೋದರೆ ಮನೆ ನಡೆಯುವುದು ಹೇಗೆ ಅಂತ ಕೇಳುತ್ತಾರೆ. ಅವರ ತಪ್ಪೇನಿದೆ?

ತಮಾಷೆ ಏನೆಂದರೆ, ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಅಂದರೆ 5 ಲಕ್ಷವನ್ನು 5 ಲಕ್ಷ ಅಂತಲೇ ತೋರಿಸಿದ್ದರೂ ಒಂದು ರೂಪಾಯಿ ತೆರಿಗೆ ಬರುತ್ತಿರಲಿಲ್ಲ. ಸುಮ್ನೆ ಕಮ್ಮಿ ತೋರಿಸಿ ತಾವೇ ಸಾಲದ ಅರ್ಹತೆ ಕಳೆದುಕೊಳ್ಳುತ್ತಾರೆ. ನಿಮ್ಮ ಆಡಿಟರ್‌ಗೆ "ಮುಂದಿನ ವರ್ಷ ಸಾಲ ಕೇಳುವವನಿದ್ದೇನೆ, ನಿಜವಾದ ಲಾಭ ತೋರಿಸಿ" ಅಂತ ಮೊದಲೇ ಹೇಳಿ. ಸಾಲದ ಅರ್ಜಿಗೆ ಒಂದು ವಾರ ಮುಂಚೆ ಆತುರಾತುರವಾಗಿ ರಿಟರ್ನ್ ಹಾಕಿದರೆ ಫೈಲ್ ಮಾಡಿದ ತಾರೀಖು ಅದರ ಮೇಲೇ ಇರುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ.

ಸಿಬಿಲ್, ಮತ್ತು ನನ್ನ ಬೈಕ್ ಸಾಲದ ಕತೆ

ನಾನು ಮೊದಲ ಸಲ ಅಂಗಡಿಗೆ ಸಾಲ ಕೇಳಿದಾಗ ಎಲ್ಲ ಕಾಗದ ಸರಿಯಾಗಿತ್ತು. ಆದರೂ ಆಗಲಿಲ್ಲ. ಐದು ವರ್ಷ ಹಿಂದೆ ಒಂದು ಫೈನಾನ್ಸ್ ಕಂಪನಿಯಿಂದ ಬೈಕ್ ಸಾಲ ಮಾಡಿದ್ದೆ, ಕೊನೆಯ ಕಂತನ್ನೂ ಕಟ್ಟಿದ್ದೆ. ಆದರೆ ನಡುವೆ ಒಂದು ಚೆಕ್ ಬೌನ್ಸ್ ಆಗಿದ್ದಕ್ಕೆ ಹಾಕಿದ್ದ ಮುನ್ನೂರು ಚಿಲ್ಲರೆ ರೂಪಾಯಿ ದಂಡ ಹಾಗೇ ಉಳಿದಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ, ನಾನು ಎನ್‌ಒಸಿ (ಬಾಕಿ ಇಲ್ಲ ಅನ್ನುವ ಪತ್ರ) ಕೇಳಲು ಹೋಗಿರಲಿಲ್ಲ. ಸಿಬಿಲ್ ವರದಿಯಲ್ಲಿ, ಅಂದರೆ ಯಾರು ಎಷ್ಟು ಸಾಲ ಮಾಡಿ ಹೇಗೆ ತೀರಿಸಿದರು ಅಂತ ಬ್ಯಾಂಕಿನವರು ನೋಡುವ ದಾಖಲೆಯಲ್ಲಿ, ಆ ಸಾಲ ಇನ್ನೂ "ಬಾಕಿ" ಅಂತಲೇ ಕೂತಿತ್ತು. ಮುನ್ನೂರು ರೂಪಾಯಿಗೆ ನಾಲ್ಕು ಲಕ್ಷದ ಸಾಲ ಹೋಯಿತು. ಸರಿಪಡಿಸಿಕೊಳ್ಳಲು ಮೂರು ತಿಂಗಳು ಓಡಾಡಿದೆ.

ಆದ್ದರಿಂದ ಅರ್ಜಿ ಹಾಕುವ ಮುಂಚೆ ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿ. ಇಂಥ ವರದಿ ತಯಾರಿಸುವ ನಾಲ್ಕು ಸಂಸ್ಥೆಗಳು ದೇಶದಲ್ಲಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ವರ್ಷಕ್ಕೊಂದು ಪೂರ್ತಿ ವರದಿಯನ್ನು ಪ್ರತಿಯೊಂದೂ ಉಚಿತವಾಗಿ ಕೊಡಲೇಬೇಕು, 2017ರಿಂದ ಈ ನಿಯಮ ಇದೆ. ವರದಿಯಲ್ಲಿ ನಿಮಗೆ ಕೊಡುವ ಅಂಕ (ಸ್ಕೋರ್) 300ರಿಂದ 900ರವರೆಗೆ. ಅಂಕಕ್ಕಿಂತ ಒಳಗಿನ ಸಾಲುಗಳನ್ನು ಓದಿ: ನೀವು ಮಾಡದ ಸಾಲ ನಿಮ್ಮ ಹೆಸರಿನಲ್ಲಿದೆಯಾ, ತೀರಿಸಿದ್ದು ಬಾಕಿ ಅಂತ ಇದೆಯಾ, ಯಾರಿಗೋ ಜಾಮೀನು ನಿಂತದ್ದು ಅಲ್ಲಿದೆಯಾ? ಜಾಮೀನು ಹಾಕಿದ ಸಾಲವೂ ನಿಮ್ಮ ವರದಿಗೆ ಬರುತ್ತದೆ, ಸ್ನೇಹಿತ ಸುಸ್ತಿಯಾದರೆ ನೀವೂ ಸುಸ್ತಿ. ತಪ್ಪಿದ್ದರೆ ಆನ್‌ಲೈನ್‌ನಲ್ಲೇ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ನಾನು ಓಡಾಡಿದ ಕಾಲಕ್ಕೆ ಈ ನಿಯಮ ಇರಲಿಲ್ಲ, ಇದ್ದಿದ್ದರೆ ಆ ಮುನ್ನೂರು ವಾಪಸ್ ಬರುತ್ತಿತ್ತು.

ಇದುವರೆಗೆ ಸಾಲವೇ ಮಾಡದವರಿಗೆ ಅಂಕ ಇರುವುದಿಲ್ಲ. ಹಿಂದಿನ ಸಾಲದ ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಅಂತ ಬ್ಯಾಂಕುಗಳಿಗೆ ಸೂಚನೆ ಇದೆ. ಇದನ್ನು ನೆನಪಿಡಿ, ಬೇಕಾದರೆ ಮೆತ್ತಗೆ ನೆನಪಿಸಿ.

ಎಷ್ಟು ಕೇಳಬೇಕು, ಯಾವುದಕ್ಕೆ ಕೇಳಬೇಕು

"ಎಷ್ಟು ಸಿಗುತ್ತೆ ಸಾರ್?" ಅಂತ ಕೇಳಿದಿರೋ, ಕೆಲಸ ಕೆಟ್ಟಿತು. ಇಷ್ಟು ಬೇಕು, ಇದಕ್ಕೆ ಬೇಕು, ಹೀಗೆ ತೀರಿಸುತ್ತೇನೆ ಅಂತ ಒಂದು ಹಾಳೆಯಲ್ಲಿ ಬರೆದು ತಗೊಂಡು ಹೋಗಿ.

ಮಷೀನ್, ಫ್ರಿಜ್, ವಾಹನ ಇಂಥದ್ದಕ್ಕೆ ಟರ್ಮ್ ಲೋನ್, ಕಂತಿನಲ್ಲಿ ತೀರುತ್ತದೆ. ಅದಕ್ಕೆ ಕೊಟೇಶನ್ ಬೇಕು, ಬ್ಯಾಂಕ್ ನೇರವಾಗಿ ಮಷೀನ್ ಮಾರುವವನಿಗೇ ದುಡ್ಡು ಕಳಿಸುವುದು ರೂಢಿ. ಸರಕು ತುಂಬಲು, ಉದ್ರಿ ಕೊಟ್ಟ ದುಡ್ಡು ಬರುವವರೆಗೆ ನಡೆಸಲು ಬೇಕಾಗಿರುವುದು ವರ್ಕಿಂಗ್ ಕ್ಯಾಪಿಟಲ್. ಇದನ್ನು ಕ್ಯಾಶ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ರೂಪದಲ್ಲಿ (ಒಂದು ಮಿತಿಯೊಳಗೆ ಬೇಕಾದಾಗ ತೆಗೆದು, ದುಡ್ಡು ಬಂದಾಗ ಕಟ್ಟುವ ಖಾತೆ) ಕೇಳಿ, ಎಷ್ಟು ಬಳಸಿದ್ದೀರೋ ಅಷ್ಟಕ್ಕೆ ಮಾತ್ರ ಬಡ್ಡಿ. ಸರಕು ತುಂಬಲು ಟರ್ಮ್ ಲೋನ್ ತೆಗೆದು, ಸರಕು ಮಾರಿ ಬಂದ ದುಡ್ಡನ್ನು ಕಂತಿಗೆ ಕಟ್ಟಿ, ಮತ್ತೆ ಸರಕಿಗೆ ದುಡ್ಡಿಲ್ಲದೆ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ವರ್ಕಿಂಗ್ ಕ್ಯಾಪಿಟಲ್ ಎಷ್ಟು ಸಿಗಬಹುದು ಅನ್ನುವುದಕ್ಕೆ ಒಂದು ಸರಳ ಸೂತ್ರ ಇದೆ. 1991ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಶಿಫಾರಸಿನಿಂದ ಬಂದದ್ದು, ಇವತ್ತಿಗೂ ಸಣ್ಣ ಉದ್ಯಮಕ್ಕೆ ಬ್ಯಾಂಕುಗಳು ಇದನ್ನೇ ಬಳಸುತ್ತವೆ. ಮುಂದಿನ ವರ್ಷದ ಅಂದಾಜು ವಹಿವಾಟಿನಲ್ಲಿ ಶೇ. 25 ವರ್ಕಿಂಗ್ ಕ್ಯಾಪಿಟಲ್ ಬೇಕು ಅಂತ ಹಿಡಿದು, ಅದರಲ್ಲಿ ವಹಿವಾಟಿನ ಶೇ. 20 ಬ್ಯಾಂಕ್ ಕೊಡುತ್ತದೆ, ಉಳಿದ ಶೇ. 5 ನೀವು ಹಾಕಬೇಕು. ವಹಿವಾಟು 40 ಲಕ್ಷ ಅಂದರೆ ಬೇಕಾದದ್ದು 10 ಲಕ್ಷ, ಬ್ಯಾಂಕಿನದು 8, ನಿಮ್ಮದು 2. ಆ 40 ಲಕ್ಷ ನಂಬುವ ಹಾಗಿರಬೇಕು ಅಷ್ಟೆ. ಖಾತೆಯಲ್ಲಿ ಹೋದ ವರ್ಷ 12 ಲಕ್ಷ ಓಡಿದ್ದು, ಮುಂದಿನ ವರ್ಷ 40 ಅಂದರೆ ಯಾರು ನಂಬುತ್ತಾರೆ? ಮತ್ತೆ ಅದೇ ಖಾತೆಗೆ ಬಂದೆವು ನೋಡಿ.

ಯಾವ ಸಾಲ

ಮುದ್ರಾ ಎಲ್ಲರಿಗೂ ಗೊತ್ತು, ತಪ್ಪಾಗಿ ಗೊತ್ತು. 2015ರ ಏಪ್ರಿಲ್ 8ರಂದು ಶುರುವಾದದ್ದು. ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 2024ರಿಂದ ತರುಣ್ ಪ್ಲಸ್, 20 ಲಕ್ಷದವರೆಗೆ. ಅಡಮಾನ ಬೇಡ. ಆದರೆ ಇದರಲ್ಲಿ ಸಬ್ಸಿಡಿ ಇಲ್ಲ, ಮನ್ನಾ ಇಲ್ಲ, ಸರ್ಕಾರ ನೇರವಾಗಿ ಕೊಡುವ ದುಡ್ಡೂ ಅಲ್ಲ. ಕೊಡುವುದು ನಿಮ್ಮ ಬ್ಯಾಂಕೇ, ಬಡ್ಡಿ ನಿಗದಿ ಮಾಡುವುದೂ ಅದೇ. "ಮುದ್ರಾ ಏಜೆಂಟ್, ಪ್ರೊಸೆಸಿಂಗ್ ಫೀಸ್ ಮೊದಲು ಹಾಕಿ" ಅಂತ ಫೋನ್ ಬಂದರೆ ಕಟ್ ಮಾಡಿ, ಮುದ್ರಾಗೆ ಏಜೆಂಟರೇ ಇಲ್ಲ.

"ಸೈಟ್ ಪತ್ರ ಇಡಿ" ಅಂತ ಕೇಳಿದರೆ? ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ 2010ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿಯಾಗಿದೆ, 2026ರ ಏಪ್ರಿಲ್ 1ರಿಂದ ಆ ಮಿತಿ 20 ಲಕ್ಷ. ಅದಕ್ಕೂ ಮೇಲಿನ ಮೊತ್ತಕ್ಕೆ ಸಿಜಿಟಿಎಂಎಸ್‌ಇ ಗ್ಯಾರಂಟಿ ಇದೆ. ಕೇಂದ್ರ ಸರ್ಕಾರ ಮತ್ತು ಸಿಡ್ಬಿ (ಸಣ್ಣ ಉದ್ಯಮಗಳ ಅಭಿವೃದ್ಧಿಗೆಂದೇ ಇರುವ ಬ್ಯಾಂಕ್) 2000ದಲ್ಲಿ ಮಾಡಿದ ನಿಧಿ ಇದು, ಮಿತಿ ಈಗ 10 ಕೋಟಿ. ನೀವು ತೀರಿಸದಿದ್ದರೆ ಬ್ಯಾಂಕಿಗಾದ ನಷ್ಟದಲ್ಲಿ ದೊಡ್ಡ ಪಾಲನ್ನು ಈ ನಿಧಿ ತುಂಬುತ್ತದೆ. ಅದಕ್ಕೆ ವರ್ಷಕ್ಕೊಂದು ಶುಲ್ಕ ಇದೆ, ಸಾಮಾನ್ಯವಾಗಿ ಅದನ್ನು ನಿಮ್ಮಿಂದಲೇ ವಸೂಲಿ ಮಾಡುತ್ತಾರೆ. ಒಂದು ಎಚ್ಚರ: ಗ್ಯಾರಂಟಿ ಇರುವುದು ಬ್ಯಾಂಕಿಗೆ, ನಿಮಗಲ್ಲ. ನಿಧಿ ದುಡ್ಡು ಕೊಟ್ಟ ಮೇಲೂ ಸಾಲ ನಿಮ್ಮ ತಲೆಯ ಮೇಲೇ ಇರುತ್ತದೆ.

ಬೀದಿ ಬದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಬೇರೆ ಇದೆ, 2020ರ ಜೂನ್‌ನಲ್ಲಿ ಬಂದದ್ದು. ಮೊದಲು 15,000, ತೀರಿಸಿದರೆ 25,000, ಆಮೇಲೆ 50,000. ಮೊತ್ತ ಸಣ್ಣದು ಅಂತ ಮೂಗು ಮುರಿಯಬೇಡಿ, ಇದು ಮುಂದಿನ ದೊಡ್ಡ ಸಾಲಕ್ಕೆ ಚರಿತ್ರೆ ಕಟ್ಟುವ ಅತಿ ಸುಲಭದ ದಾರಿ. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕ ಹೀಗೆ 18 ಕಸುಬಿನವರಿಗೆ ಪಿಎಂ ವಿಶ್ವಕರ್ಮ ಇದೆ, ಮೊದಲು 1 ಲಕ್ಷ, ಆಮೇಲೆ 2 ಲಕ್ಷ, ಬಡ್ಡಿ ಶೇ. 5. ಹೊಸದಾಗಿ ಘಟಕ ಶುರು ಮಾಡುವವರಿಗೆ ಸಬ್ಸಿಡಿ ಇರುವುದು ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆಯಾದ ಪಿಎಂಇಜಿಪಿಯಲ್ಲಿ, ಅದಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಈಗಾಗಲೇ ನಡೆಯುತ್ತಿರುವ ಅಂಗಡಿಯನ್ನು ಹೊಸದು ಅಂತ ತೋರಿಸಿ ಸಬ್ಸಿಡಿ ಹೊಡೆಯುವ ಐಡಿಯಾ ಕೊಡುವವರು ಸಿಗುತ್ತಾರೆ, ಬೇಡ.

ಬ್ಯಾಂಕಿನ ಒಳಗೆ

ನಿಮ್ಮ ಖಾತೆ ಇರುವ ಶಾಖೆಗೇ ಮೊದಲು ಹೋಗಿ. ತಿಂಗಳ ಮೊದಲ ವಾರ, ಮಾರ್ಚ್ ಕೊನೆ ಬಿಟ್ಟುಬಿಡಿ. ಜೆರಾಕ್ಸ್‌ಗಳನ್ನು ಒಂದು ಫೈಲಿನಲ್ಲಿ ಕ್ರಮವಾಗಿ ಜೋಡಿಸಿ, ಅಂಗಡಿಯ ಎರಡು ಫೋಟೋ ಇಡಿ. ಉದ್ರಿ ಪುಸ್ತಕ ಇದ್ದರೆ ಅದನ್ನೂ ತಗೊಂಡು ಹೋಗಿ, ಕೆಲವು ಹಳೆಯ ಅಧಿಕಾರಿಗಳು ಕಂಪ್ಯೂಟರ್ ಸ್ಕ್ರೀನ್‌ಗಿಂತ ಅದನ್ನೇ ಜಾಸ್ತಿ ಆಸಕ್ತಿಯಿಂದ ಓದುತ್ತಾರೆ. ಕೈಸಾಲ, ಚೀಟಿ ಏನಾದರೂ ಇದ್ದರೆ ಕೇಳಿದಾಗ ಮುಚ್ಚಿಡಬೇಡಿ. ಅಂಗಡಿ ನೋಡಲು ಬಂದಾಗ ಪಕ್ಕದವರನ್ನು ಸುಮ್ಮನೆ ಮಾತಾಡಿಸಿ ಹೋಗುತ್ತಾರೆ, ಅದೆಲ್ಲ ಗೊತ್ತಾಗಿಯೇ ಆಗುತ್ತದೆ.

ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಕೇಳಿ, ತಾರೀಖು ಹಾಕಿಸಿಕೊಳ್ಳಿ. ಇದೊಂದನ್ನು ದಯವಿಟ್ಟು ಮರೆಯಬೇಡಿ. "ಇಟ್ಟು ಹೋಗಿ, ನೋಡ್ತೀವಿ" ಅಂದಾಗ ಇಟ್ಟು ಬಂದವರ ಅರ್ಜಿ ಲೆಕ್ಕಕ್ಕೇ ಇರುವುದಿಲ್ಲ. ಸಾಲದ ಅರ್ಜಿಗೆಂದು ಸರ್ಕಾರ ಮಾಡಿರುವ ಜನಸಮರ್ಥ್ ಪೋರ್ಟಲ್‌ನಲ್ಲಿ ಹಾಕಿದರೆ ಅರ್ಜಿ ಸಂಖ್ಯೆ ತಾನಾಗಿಯೇ ಸಿಗುತ್ತದೆ. ಸಣ್ಣ ಉದ್ಯಮದ 25 ಲಕ್ಷದವರೆಗಿನ ಅರ್ಜಿಗೆ, ಕಾಗದ ಎಲ್ಲ ಸರಿ ಇದ್ದರೆ, 14 ಕೆಲಸದ ದಿನದೊಳಗೆ ತೀರ್ಮಾನ ಹೇಳಬೇಕು. ಇಲ್ಲ ಅನ್ನುವುದಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಬಾಯಿಮಾತಿನ "ಆಗಲ್ಲ"ಕ್ಕೆ ಬೆಲೆ ಇಲ್ಲ, ಹಿಂಬರಹ ಕೊಡಿ ಅನ್ನಿ. ಎಷ್ಟೋ ಸಲ ಆ ಮಾತು ಕೇಳಿದ ಮೇಲೆ ಫೈಲ್ ಮತ್ತೆ ತೆರೆಯುತ್ತದೆ.

ಕಾರಣ ನ್ಯಾಯವಾಗಿದ್ದರೆ ಸರಿಪಡಿಸಿಕೊಂಡು ಆರು ತಿಂಗಳ ನಂತರ ಬನ್ನಿ. ಒಂದೇ ವಾರದಲ್ಲಿ ಐದು ಬ್ಯಾಂಕಿಗೆ ಅರ್ಜಿ ಹಾಕಬೇಡಿ, ಪ್ರತಿಯೊಬ್ಬರೂ ನಿಮ್ಮ ವರದಿ ತೆಗೆದದ್ದು ಆ ವರದಿಯಲ್ಲೇ ದಾಖಲಾಗುತ್ತದೆ. ಕಾರಣ ನ್ಯಾಯವಲ್ಲ ಅನ್ನಿಸಿದರೆ ಪ್ರತಿ ಜಿಲ್ಲೆಯಲ್ಲೂ ಒಂದು ಲೀಡ್ ಬ್ಯಾಂಕ್, ಅದಕ್ಕೊಬ್ಬ ಲೀಡ್ ಜಿಲ್ಲಾ ಮ್ಯಾನೇಜರ್ ಇರುತ್ತಾರೆ, ಅವರ ಹತ್ತಿರ ಹೋಗಿ. ಶುಲ್ಕ, ನಡವಳಿಕೆ, ವಿಳಂಬದಂಥ ದೂರಾದರೆ ಮೊದಲು ಬ್ಯಾಂಕಿಗೇ ಬರೆದು ಕೊಡಿ, 30 ದಿನ ಕಾಯಿರಿ, ಆಮೇಲೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ (ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಅಧಿಕಾರಿ). ಅದು ಉಚಿತ, ವಕೀಲರೂ ಬೇಡ.

ಸಹಿ ಹಾಕುವ ಮುಂಚೆ

ಮಂಜೂರಾಯಿತು ಅನ್ನುವ ಖುಷಿಯಲ್ಲಿ ಮೂವತ್ತು ಕಡೆ ಸಹಿ ಹಾಕಿ ಬರುತ್ತೇವೆ. ಎರಡು ನಿಮಿಷ ತಡೆಯಿರಿ. 2024ರ ಅಕ್ಟೋಬರ್‌ನಿಂದ ಸಣ್ಣ ಉದ್ಯಮದ ಟರ್ಮ್ ಲೋನ್‌ಗೂ ಮುಖ್ಯಾಂಶಗಳ ಒಂದು ಹಾಳೆ, ಕೆಎಫ್‌ಎಸ್ ಅನ್ನುತ್ತಾರೆ, ಕೊಡುವುದು ಕಡ್ಡಾಯ. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತದೆ, ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ಖರ್ಚು ಅದು. ಎರಡು ಕಡೆ ಹೋಲಿಸುವುದಾದರೆ ಆ ಅಂಕಿಯನ್ನೇ ಹೋಲಿಸಿ. ಅದರಲ್ಲೂ ಫೈನಾನ್ಸ್ ಕಂಪನಿಯವರು "ಫ್ಲಾಟ್ ಶೇ. 12" ಅಂದರೆ ಹುಷಾರು. ಒಂದು ಲಕ್ಷಕ್ಕೆ ಎರಡು ವರ್ಷ ಫ್ಲಾಟ್ 12 ಅಂದರೆ ಬಡ್ಡಿ 24,000, ತಿಂಗಳ ಕಂತು 5,167. ಬ್ಯಾಂಕಿನ ಹಾಗೆ ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಶೇ. 21.5 ಆಗುತ್ತದೆ.

ಸರಕಿಗೆ, ಮಷೀನಿಗೆ ವಿಮೆ ಮಾಡಿಸಿ ಅನ್ನುವುದು ಸರಿಯಾದ ಮಾತು, ಮಾಡಿಸಿ. ಆದರೆ "ಈ ಜೀವವಿಮೆ ಪಾಲಿಸಿ ತಗೊಂಡರೇ ಸಾಲ" ಅನ್ನುವುದು ಯಾವ ನಿಯಮದಲ್ಲೂ ಇಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡ ಇದೆಯಾ ಕೇಳಿ. 2026ರ ಜನವರಿ 1ರಿಂದ ಈಚೆಗೆ ಮಂಜೂರಾದ ಅಥವಾ ನವೀಕರಿಸಿದ, ಬಡ್ಡಿ ದರ ಏರಿಳಿಯುವ ಸಾಲಕ್ಕೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ವಾಣಿಜ್ಯ ಬ್ಯಾಂಕುಗಳು ಆ ದಂಡ ತೆಗೆದುಕೊಳ್ಳುವಂತಿಲ್ಲ.

ದುಡ್ಡು ಬಂದ ಮೇಲೆ

ಕಂತಿನ ದಿನವನ್ನು ನಿಮ್ಮ ವ್ಯಾಪಾರ ಚೆನ್ನಾಗಿರುವ ದಿನಕ್ಕೆ ಹಾಕಿಸಿಕೊಳ್ಳಿ, ಮೊದಲೇ ಕೇಳಿದರೆ ಬದಲಾಯಿಸುತ್ತಾರೆ. ಕ್ಯಾಶ್ ಕ್ರೆಡಿಟ್ ಸಿಕ್ಕಿದ್ದರೆ ಎಲ್ಲ ವ್ಯಾಪಾರವೂ ಆ ಖಾತೆಯಲ್ಲೇ ನಡೆಯಬೇಕು, ಸ್ಟಾಕ್ ಸ್ಟೇಟ್‌ಮೆಂಟ್ (ಅಂಗಡಿಯಲ್ಲಿರುವ ಸರಕಿನ ಲೆಕ್ಕ) ಹೊತ್ತಿಗೆ ಸರಿಯಾಗಿ ಕೊಡಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು. ಪೂರ್ತಿ ತೆಗೆದು ಹಾಗೇ ಬಿಟ್ಟರೆ ಅದೂ ಕೆಟ್ಟ ಸಾಲವೇ.

ವ್ಯಾಪಾರ ಬಿದ್ದುಹೋಗಿ ಕಂತು ತಪ್ಪುವ ಹಾಗಿದೆ ಅನ್ನಿಸಿದರೆ ಫೋನ್ ಆಫ್ ಮಾಡಬೇಡಿ. ಬಾಕಿ 90 ದಿನ ದಾಟಿದರೆ ಸಾಲ ವಸೂಲಾಗದ ಪಟ್ಟಿಗೆ ಹೋಗುತ್ತದೆ, ಆಮೇಲೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಮಾಡಲು ಜಾಸ್ತಿ ಏನೂ ಉಳಿದಿರುವುದಿಲ್ಲ. ಅದಕ್ಕೆ ಮುಂಚೆ ದಾರಿಗಳಿವೆ. ಕಷ್ಟದಲ್ಲಿರುವ ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆ 2016ರಲ್ಲಿ ರಿಸರ್ವ್ ಬ್ಯಾಂಕ್ ಒಂದು ವ್ಯವಸ್ಥೆ ಮಾಡಿದೆ, 25 ಕೋಟಿವರೆಗಿನ ಸಾಲಕ್ಕೆ ಅನ್ವಯಿಸುತ್ತದೆ, ವ್ಯಾಪಾರಿಯೇ ಮುಂದೆ ಬಂದು ಅರ್ಜಿ ಕೊಡಬಹುದು. ಮೊದಲ ಕಂತು ತಪ್ಪುವ ಮುಂಚೆಯೇ ಬರವಣಿಗೆಯಲ್ಲಿ ಕೊಡಿ, ಕಾರಣ ಹೇಳಿ, ಎಷ್ಟು ಕಟ್ಟಬಲ್ಲಿರಿ ಅಂತ ಹೇಳಿ, ಸ್ವೀಕೃತಿ ತಗೊಳ್ಳಿ.

ಕೊನೆಯ ಕಂತು ಕಟ್ಟಿದ ದಿನ ಇನ್ನೂ ಒಂದು ಕೆಲಸ ಬಾಕಿ ಇರುತ್ತದೆ. ಶಾಖೆಗೆ ಹೋಗಿ, ಒಂದು ರೂಪಾಯಿಯೂ ಬಾಕಿ ಇಲ್ಲ ಅಂತ ಎನ್‌ಒಸಿ ಬರೆಸಿಕೊಂಡು ಬನ್ನಿ. ಎರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆದು ಆ ಸಾಲದ ಮುಂದೆ "ಕ್ಲೋಸ್ಡ್" ಅಂತ ಬಂದಿದೆಯಾ ನೋಡಿ. ನನ್ನ ಬೈಕ್ ಸಾಲದ ಎನ್‌ಒಸಿಯನ್ನು ಈಗ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇನೆ. ಬೈಕ್ ಮಾರಿ ನಾಲ್ಕು ವರ್ಷವಾಯಿತು.